ಮೊದಲು ಹಿಡಿ, ಆಮೇಲೆ ಬಿಲ್ಲು

ಮರದ ಬಿಲ್ಲು ಮಾಡುವುದನ್ನು ಹೇಳಿಕೊಡುವ ಪುಸ್ತಕಗಳಲ್ಲಿ ಒಂದು ಕ್ರಮ ಬೇರೂರಿಬಿಟ್ಟಿದೆ. ಮೊದಲು ಮರದ ಆಯ್ಕೆ. ಆಮೇಲೆ ಸೀಳುವುದು, ಒಣಗಿಸುವುದು, ಕೆತ್ತುವುದು, ಬಾಗಿಸಿ ಹದ ನೋಡುವುದು, ತುದಿಗಳನ್ನು ಹಬೆಯಲ್ಲಿ ಮೆತ್ತಗಾಗಿಸಿ ಹಿಂದಕ್ಕೆ ತಿರುಗಿಸುವುದು, ಹೆದೆ ಏರಿಸುವುದು. ಇಷ್ಟೆಲ್ಲ ಮುಗಿದು ಇನ್ನೇನು ಎಣ್ಣೆ ಹಚ್ಚಬೇಕು ಅನ್ನುವಾಗ ಹಿಡಿಯ ನೆನಪಾಗುತ್ತದೆ. ಕೈಗೆ ಹಿತವಾಗುವಂತೆ ಆಕಾರ ಕೊಡಿ, ಬೇಕಿದ್ದರೆ ತೊಗಲು ಸುತ್ತಿ ಎಂದು ಎರಡು ಸಾಲಿನ ಉಪದೇಶ, ಅಲ್ಲಿಗೆ ಅಧ್ಯಾಯ ಮುಕ್ತಾಯ. ನನಗೆ ಈ ಕ್ರಮ ತಲೆಕೆಳಗಾಗಿ ಕಾಣುತ್ತದೆ. ಬಿಲ್ಲಿನಲ್ಲಿ ಎಲ್ಲಕ್ಕಿಂತ ಮೊದಲು ತೀರ್ಮಾನವಾಗಬೇಕಾದದ್ದು ಹಿಡಿ. ಕೈ ಎಲ್ಲಿ ಒತ್ತುತ್ತದೆ, ಎಷ್ಟಗಲ ಒತ್ತುತ್ತದೆ, ಮಣಿಕಟ್ಟು ಎತ್ತರದಲ್ಲಿ ನಿಲ್ಲುತ್ತದೋ ತಗ್ಗಿನಲ್ಲೋ ಎಂಬುದು ಗೊತ್ತಿಲ್ಲದೆ ಉಳಿ ಹಿಡಿಯುವುದು ಕಾಲು ಅಳೆಯದೆ ಚಪ್ಪಲಿ ಹೊಲಿದ ಹಾಗೆ. ಈ ಮಾತು ಎಲ್ಲ ಬಿಲ್ಲಿಗೂ ಅಷ್ಟಿಷ್ಟು ಒಪ್ಪುತ್ತದೆ. ತುದಿ ಹಿಂದಕ್ಕೆ ಬಾಗಿದ, ಇಂದು ರಿಕರ್ವ್ ಎಂದು ಕರೆಯುವ ಮರದ ಬಿಲ್ಲಿಗಂತೂ ಪೂರ್ತಿಯಾಗಿ ಒಪ್ಪುತ್ತದೆ.

ಬಿಲ್ಲಿನ ನಡುವೆ ಹಿಡಿ, ಅದರ ಮೇಲೂ ಕೆಳಗೂ ಎರಡು ತೋಳು, ತೋಳುಗಳ ತುದಿಯಲ್ಲಿ ಹೆದೆ ಸಿಕ್ಕಿಸುವ ಕೊಪ್ಪು. ಗುರಿಯ ಕಡೆಗಿರುವ ಮೈ ಬಿಲ್ಲಿನ ಬೆನ್ನು, ಬಿಲ್ಲಾಳಿನ ಕಡೆಗಿರುವುದು ಹೊಟ್ಟೆ. ಹೆದೆ ಸೆಳೆದಾಗ ಬೆನ್ನು ಹಿಗ್ಗುತ್ತದೆ, ಹೊಟ್ಟೆ ಕುಗ್ಗುತ್ತದೆ. ಮರಕ್ಕೆ ಹಿಗ್ಗುವುದು ಅಷ್ಟು ಕಷ್ಟವಲ್ಲ, ಅದರ ಸಂಕಟವೆಲ್ಲ ಕುಗ್ಗುವುದರಲ್ಲಿ. ಬೆನ್ನಿನ ಎಳೆ ಕಡಿದಿದ್ದರೆ ಮಾತ್ರ ಅದು ಚಟ್ಟನೆ ಸಿಡಿಯುತ್ತದೆ. ಆದ್ದರಿಂದಲೇ ಬಿಲ್ಲುಗಾರರು ಬೆನ್ನಿನ ಮೇಲೆ ಒಂದೇ ವರ್ಷದ ಬಳೆಯನ್ನು ಈ ತುದಿಯಿಂದ ಆ ತುದಿಯವರೆಗೆ ಗಾಯವಾಗದಂತೆ ಕಾಪಾಡುತ್ತಾರೆ. ಹೊಟ್ಟೆಗೆ ಭಾರ ಹೆಚ್ಚಾದರೆ ಸದ್ದಿಲ್ಲದೆ ಎಳೆಗಳು ನಜ್ಜಾಗುತ್ತವೆ. ಹೆದೆ ಇಳಿಸಿದ ಮೇಲೂ ಬಿಲ್ಲು ನೆಟ್ಟಗಾಗುವುದಿಲ್ಲ, ಸ್ವಲ್ಪ ಗೂನು ಉಳಿಸಿಕೊಳ್ಳುತ್ತದೆ. ಯೂರೋಪಿನ ಯೂ ಮರಕ್ಕೆ ಅಷ್ಟು ಬೆಲೆ ಬಂದದ್ದು ಅದರ ಹೊರಮರ ಹಿಗ್ಗುವುದರಲ್ಲಿ, ಚೇಗು ಕುಗ್ಗುವುದರಲ್ಲಿ ನಿಸ್ಸೀಮ ಎಂಬ ಕಾರಣಕ್ಕೆ. ಒಂದೇ ಕೊರಡಿನಲ್ಲಿ ಬೆನ್ನೂ ಹೊಟ್ಟೆಯೂ ಸಿದ್ಧವಾಗಿ ಸಿಗುತ್ತದೆ. ನಮ್ಮ ಕಡೆಯ ಎಲೆ ಉದುರುವ ಕಾಡುಗಳಲ್ಲಿ ಬೆಳೆಯುವ ತಡಸಲು ಮರ ಬಳುಕುವ ಗುಣಕ್ಕೆ ಹೆಸರಾದದ್ದು. ಹಳೆಯ ಕಾಲದಿಂದ ಬಿಲ್ಲಿಗೂ ಹೊರೆ ಹೊರುವ ಅಡ್ಡೆಗೂ ಅದು ಬಳಕೆಯಾಗಿದೆ. ಮರ ಯಾವುದಾದರೂ ಆಗಲಿ, ತುದಿ ತಿರುಗಿಸುವ ವಿಧಾನ ಒಂದೇ. ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ಗಂಟೆ ಹಬೆ, ಆ ಬಿಸಿಯಲ್ಲೇ ಅಚ್ಚಿಗೆ ಬಗ್ಗಿಸಿ ಬಿಗಿಯುವುದು, ಒಣಗುವವರೆಗೆ ಬಿಚ್ಚದಿರುವುದು. ಹೀಗೆ ತಿರುಗಿದ ತುದಿಯ ಲಾಭ ದೊಡ್ಡದು. ಹೆದೆ ಏರಿಸಿದಾಗ ಅದು ತುದಿಯ ಬಾಗಿನ ಮೇಲೆ ಒರಗಿ ಮಲಗುತ್ತದೆ. ಸೆಳೆದಂತೆಲ್ಲ ಬಾಗಿನಿಂದ ಮೇಲೇಳುತ್ತದೆ. ಅಂದರೆ ಸೆಳೆತದ ಮೊದಲಲ್ಲಿ ಬಿಲ್ಲು ಗಿಡ್ಡದು, ಕೊನೆಯಲ್ಲಿ ಉದ್ದದ್ದು. ಮೊದಲ ಇಂಚುಗಳಲ್ಲೇ ಬಿಗಿಯಾಗಿ ಶಕ್ತಿ ತುಂಬಿಕೊಳ್ಳುತ್ತದೆ, ಕೊನೆಯ ಇಂಚುಗಳಲ್ಲಿ ಕಲ್ಲಾಗುವುದಿಲ್ಲ. ಅಷ್ಟೇ ಬಲದ ನೇರ ಬಿಲ್ಲಿಗಿಂತ ಬಾಣ ಚುರುಕಾಗಿ ಹೋಗುವುದು ಇದರಿಂದ.

ಲಾಭ ಕೊಟ್ಟವನು ಬಡ್ಡಿ ಕೇಳದೆ ಬಿಡುವುದಿಲ್ಲ. ಬಾಗಿದ ತುದಿಯ ಮೇಲೆ ಮಲಗಿದ ಹೆದೆಗೆ ಪಕ್ಕಕ್ಕೆ ಜಾರುವ ಚಪಲ ಯಾವಾಗಲೂ ಇದ್ದೇ ಇರುತ್ತದೆ. ತುದಿ ಒಂದು ಕೂದಲೆಳೆ ತಿರುಚಿಕೊಂಡರೂ ಹೆದೆ ಆ ತಿರುಚನ್ನು ಸರಿಮಾಡುವುದಿಲ್ಲ, ಇನ್ನಷ್ಟು ತಿರುಚುತ್ತದೆ. ನೇರ ತೋಳಿನ ಉದ್ದ ಬಿಲ್ಲಿನಲ್ಲಿ ಹೀಗಾಗುವುದಿಲ್ಲ. ಅಲ್ಲಿ ಹೆದೆ ತುದಿಯನ್ನು ತನ್ನ ಗೆರೆಗೇ ಎಳೆದುಕೊಳ್ಳುತ್ತದೆ. ರಿಕರ್ವ್ ಬಿಲ್ಲನ್ನು ತಿರುಚುವವರು ಯಾರು? ಕೆತ್ತನೆಯಲ್ಲಿ ಒಂದು ಮಗ್ಗುಲು ದಪ್ಪ ಉಳಿದಿದ್ದರೆ ಮರವೇ ತಿರುಚೀತು. ಅದನ್ನು ಅರ ಹಾಕಿ ತಿದ್ದಬಹುದು. ತಿದ್ದಲಾಗದ್ದು ಕೈ. ಅಂಗೈಯ ಹೆಬ್ಬೆರಳಿನ ಬುಡದ ಮಾಂಸ ಹಿಡಿಯ ಒಂದು ಪಕ್ಕಕ್ಕೆ ಹೆಚ್ಚು ಒತ್ತಿದರೆ ಇಡೀ ಬಿಲ್ಲು ಆ ಕಡೆಗೆ ಸುತ್ತಿಕೊಳ್ಳಲು ನೋಡುತ್ತದೆ. ಹೆದೆ ಬಿಟ್ಟ ಕ್ಷಣದಲ್ಲಿ ಆ ಸುತ್ತು ಬಿಡುಗಡೆಯಾಗಿ ಬಾಣದ ಹಿಂಬದಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಕೆಟ್ಟದ್ದರಲ್ಲಿ ಕೆಟ್ಟದ್ದೆಂದರೆ ಹೆದೆ ತುದಿಯ ಬಾಗಿನಿಂದಲೇ ಜಾರಿ ಬಿಲ್ಲು ಹಿಂದುಮುಂದಾಗಿ ಮಗುಚಿಕೊಳ್ಳುವುದು. ಮರದ ಬಿಲ್ಲುಗಳ ಪೈಕಿ ಕೈಯ ತಪ್ಪನ್ನು ಅತಿ ಕಡಿಮೆ ಕ್ಷಮಿಸುವುದು ಇದು. ಹಾಗಿರುವಾಗ ಕೈ ಕೂರುವ ಜಾಗವನ್ನು ಕೊನೆಯ ಪುಟಕ್ಕೆ ತಳ್ಳುವುದರಲ್ಲಿ ಯಾವ ನ್ಯಾಯವಿದೆ?

ಇನ್ನೊಂದು ಸಾಕ್ಷಿ ಅಳತೆಯಲ್ಲೇ ಇದೆ. ಅಮೆರಿಕದ ಬಿಲ್ಲುಗಾರರು ಬಿಲ್ಲಿನ ಮೇಲೆ 28 ಇಂಚಿಗೆ 45 ಪೌಂಡ್ ಎಂದು ಬರೆದಿರುತ್ತಾರೆ. ಈ 28 ಇಂಚು ಎಲ್ಲಿಂದ ಎಣಿಸಿದ್ದು? ಹಿಡಿಯ ಅತ್ಯಂತ ಒಳತಗ್ಗಿನಿಂದ, ಹೆಬ್ಬೆರಳು ತೋರುಬೆರಳುಗಳ ಕವಲು ಬಂದು ಒರಗುವ ಕೊರಳಿನಿಂದ. ಆ ಕೊರಳಿನಿಂದ ಹೆದೆಯವರೆಗೆ 26¼ ಇಂಚು ಸೆಳೆದು, ಅದಕ್ಕೆ 1¾ ಇಂಚು ಕೂಡಿಸಿ 28 ಎನ್ನುವುದು ಅಲ್ಲಿನ ರೂಢಿಯ ಲೆಕ್ಕ. ಹೆದೆ ಏರಿಸಿದ ಬಿಲ್ಲಿನಲ್ಲಿ ಹೆದೆಗೂ ಹಿಡಿಗೂ ಇರುವ ಅಂತರವನ್ನು ಅಳೆಯುವುದೂ ಅದೇ ಕೊರಳಿನಿಂದ. ಕೊರಳನ್ನು ಬೆನ್ನಿನ ಕಡೆಗೆ ಅರ್ಧ ಇಂಚು ಆಳ ತೋಡಿದರೆ ಏನಾಗುತ್ತದೆ ನೋಡಿ. ಬಿಲ್ಲಾಳಿನ ತೋಳಿನ ಉದ್ದ ಬದಲಾಗಿಲ್ಲ, ಕೈ ಮಾತ್ರ ಅರ್ಧ ಇಂಚು ಮುಂದೆ ಹೋಗಿದೆ. ಹಾಗಾಗಿ ಬಿಲ್ಲಿನ ತೋಳುಗಳು ಅರ್ಧ ಇಂಚು ಕಡಿಮೆ ಬಾಗುತ್ತವೆ. ಆ ಮಟ್ಟದ ಬಿಲ್ಲಿನಲ್ಲಿ ಕೊನೆಯ ಇಂಚುಗಳಿಗೆ ಇಂಚಿಗೆ ಎರಡರಿಂದ ಮೂರು ಪೌಂಡ್ ಏರುವುದರಿಂದ, ಒಂದು ಪೌಂಡಿನ ಮೇಲೆ ಬಲ ಇದ್ದಕ್ಕಿದ್ದಂತೆ ಕಾಣೆ. ಕೊರಳು ಹೆದೆಗೆ ಹತ್ತಿರ ಬಂದರೆ ಇದರ ತದ್ವಿರುದ್ಧ: ಬಾಣ ಹೆದೆಯ ಮೇಲೆ ಹೆಚ್ಚು ದೂರ ಸಾಗುತ್ತದೆ, ವೇಗ ಬರುತ್ತದೆ, ಜೊತೆಗೆ ಕೈಯ ನಡುಕವೂ ಅಷ್ಟು ಹೊತ್ತು ಬಾಣಕ್ಕೆ ಅಂಟುತ್ತದೆ. ಅಂದಮೇಲೆ ಬಿಲ್ಲಿನ ಮೇಲೆ ಬರೆದ ಅಂಕಿಗೂ ಅರ್ಥ ಬರುವುದು ಹಿಡಿ ನಿಗದಿಯಾದ ಮೇಲೆಯೇ. ಸೊನ್ನೆ ಎಲ್ಲಿದೆ ಎಂದು ಗುರುತು ಹಾಕದ ಅಳತೆಗೋಲಿನಿಂದ ಅಳೆದ ಬಿಲ್ಲನ್ನು ಹಲವರು ಹೆಮ್ಮೆಯಿಂದ ಗೋಡೆಗೆ ತೂಗುಹಾಕಿರುತ್ತಾರೆ.

ಮೂರನೆಯದು, ಎಲ್ಲಕ್ಕಿಂತ ತೂಕದ್ದು, ಹದ ನೋಡುವ ಕೆಲಸ. ನೆಟ್ಟಗೆ ನಿಲ್ಲಿಸಿದ ಹಲಗೆಯ ನೆತ್ತಿಯ ಮೇಲೆ ಬಿಲ್ಲಿನ ನಡುವನ್ನು ಕೂರಿಸಿ, ಹಗ್ಗದಿಂದ ಹೆದೆಯನ್ನು ಕೆಳಕ್ಕೆ ಜಗ್ಗಿ, ದೂರ ನಿಂತು ಎರಡೂ ತೋಳು ಹೇಗೆ ಬಾಗುತ್ತವೆ ಎಂದು ನೋಡುತ್ತಾರೆ. ಬಾಗದೆ ಸೆಟೆದುಕೊಂಡ ಕಡೆ ಹೊಟ್ಟೆಯಿಂದ ಒಂದಿಷ್ಟು ಕೀಸುತ್ತಾರೆ, ಹತ್ತಿಪ್ಪತ್ತು ಸಲ ಮೆಲ್ಲಗೆ ಜಗ್ಗಿ ಮರಕ್ಕೆ ಹೊಸ ಬಾಗನ್ನು ರೂಢಿ ಮಾಡಿಸುತ್ತಾರೆ, ಇನ್ನೊಂದು ಇಂಚು ಮುಂದೆ ಹೋಗುತ್ತಾರೆ. ಬಿಲ್ಲು ಬಿಲ್ಲಾಗುವುದು ಇಲ್ಲೇ. ಈ ಹಂತದಲ್ಲಿ ಕೀಸುಳಿ ಹಿಡಿದ ಕೈಗೆ ಸಂಯಮ ಬೇಕು, ತೆಗೆದ ಹೊಟ್ಟು ಮತ್ತೆ ಅಂಟುವುದಿಲ್ಲ. ಆದರೆ ಎರಡು ತೋಳೂ ಸರಿಸಮ ಬಾಗಿದರೆ ಸಾಕೆ? ಬಿಲ್ಲಿನ ನಟ್ಟನಡುವನ್ನು ಬಿಲ್ಲಾಳು ಹಿಡಿಯುವುದಿಲ್ಲ, ಹಿಡಿಯಲು ಬರುವುದೂ ಇಲ್ಲ. ಅಲ್ಲಿಂದ ಬಾಣ ಹಾದುಹೋಗಬೇಕು. ನಾಲ್ಕು ಇಂಚಿನ ಹಿಡಿಯಿದ್ದರೆ ಬಿಲ್ಲಿನ ನಡುಬಿಂದುವನ್ನು ಹಿಡಿಯ ಮೇಲಂಚಿನಿಂದ ಒಂದು ಇಂಚು ಕೆಳಗೆ ಇಟ್ಟುಕೊಳ್ಳುವುದು ಒಂದು ಸಾಮಾನ್ಯ ಪದ್ಧತಿ. ಹಾಗಾದಾಗ ಕೆಳತೋಳು ಮೇಲ್ತೋಳಿಗಿಂತ ಎರಡು ಇಂಚು ಗಿಡ್ಡ. ಜೊತೆಗೆ ಕೈ ಒತ್ತುವುದು ನಡುಬಿಂದುವಿನ ಕೆಳಗೆ, ಬೆರಳು ಹೆದೆ ಸೆಳೆಯುವುದು ಅದರ ಮೇಲೆ. ಆದ್ದರಿಂದ ಕೆಳತೋಳಿಗೆ ಹೊರೆ ಜಾಸ್ತಿ, ಅದನ್ನು ತುಸು ಗಟ್ಟಿಯಾಗಿ ಉಳಿಸಿಕೊಳ್ಳಬೇಕು. ಎಷ್ಟು ಗಟ್ಟಿ? ಇದಕ್ಕೆ ಉತ್ತರ ಮರದಲ್ಲಿಲ್ಲ, ಅಂಗೈಯಲ್ಲಿದೆ. ಕವಲಿನಿಂದ ಮಾತ್ರ ಒತ್ತುವ ಕೈಗೆ ಒಂದು ಲೆಕ್ಕ, ಅಂಗೈಯ ಬುಡ ಊರಿ ಒತ್ತುವ ಕೈಗೆ ಬೇರೆ ಲೆಕ್ಕ. ಹಲಗೆಯ ಚಪ್ಪಟೆ ನೆತ್ತಿಯ ಮೇಲೆ ಕೂರಿಸಿ ಹದ ಮಾಡಿದ ಬಿಲ್ಲು ಹಲಗೆಯ ಕೈಗೆ ಹೊಂದಿಕೊಂಡಿರುತ್ತದೆ, ಯಜಮಾನನ ಕೈಗೆ ಅಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಹಳೆಯ ಬಿಲ್ಲುಗಳಲ್ಲಿ ಹಿಡಿ ಅನ್ನುವುದೇ ಇರಲಿಲ್ಲವಲ್ಲ? 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ಇಂಗ್ಲೆಂಡಿನ ಯುದ್ಧನೌಕೆ ಮೇರಿ ರೋಸ್‌ನಿಂದ ನೂರೆಪ್ಪತ್ತಕ್ಕೂ ಹೆಚ್ಚು ಯೂ ಮರದ ಬಿಲ್ಲುಗಳು ಸಿಕ್ಕಿವೆ. ಆಳೆತ್ತರವನ್ನೂ ಮೀರಿದ, ನೂರು ಪೌಂಡ್ ದಾಟಿದ ಬಲದ ಬಿಲ್ಲುಗಳು. ಅವುಗಳ ನಡುವೆ ಕೆತ್ತಿದ ಹಿಡಿಯಿಲ್ಲ, ಸುತ್ತಿದ ತೊಗಲಿಲ್ಲ. ಉರುಟಾದ ಹೊಟ್ಟೆಯನ್ನೇ ಹಿಡಿದು ಯುದ್ಧ ಮಾಡಿದರು. ನಿಜ. ಅಂಥ ಬಿಲ್ಲು ನಡುವಿನಲ್ಲೂ ಒಂದಿಷ್ಟು ಬಾಗುತ್ತದೆ. ಜನಕನ ಸಭೆಯಲ್ಲಿ ಶಿವಧನುಸ್ಸು ನಟ್ಟನಡುವೆ ಮುರಿಯಿತೆಂದು ವಾಲ್ಮೀಕಿ ಹೇಳುವುದನ್ನು ಒಬ್ಬ ಬಿಲ್ಲುಗಾರ ಕೇಳಿದರೆ, ಓಹೋ, ಅದಕ್ಕೆ ಗಟ್ಟಿ ಹಿಡಿ ಇರಲಿಲ್ಲ ಎಂದು ತೀರ್ಪು ಕೊಟ್ಟಾನು. ದಪ್ಪ ಹಿಡಿಯ ಬಿಲ್ಲು ಸಾಮಾನ್ಯವಾಗಿ ಮುರಿಯುವುದು ಹಿಡಿ ತೆಳುವಾಗುತ್ತ ತೋಳಿಗೆ ಸೇರುವ ಜಾಗದಲ್ಲಿ, ಇಲ್ಲವೇ ತೋಳಿನಲ್ಲೇ. ಇರಲಿ. ಕೆತ್ತಿದ ಹಿಡಿ ಇಲ್ಲ ಎಂದಮಾತ್ರಕ್ಕೆ ಹಿಡಿಯ ತೀರ್ಮಾನ ಆಗಿರಲಿಲ್ಲ ಎಂದಾಗುವುದಿಲ್ಲ. ಮೇರಿ ರೋಸ್ ಮುಳುಗಿದ ವರ್ಷವೇ ರೋಜರ್ ಆಸ್ಕಮ್ ಬಿಲ್ವಿದ್ಯೆಯ ಮೇಲೆ ಬರೆದ ‘ಟಾಕ್ಸೊಫಿಲಸ್’ ಪ್ರಕಟವಾಯಿತು. ಮುಂದೆ ಮೊದಲನೆಯ ಎಲಿಜಬೆತ್ ರಾಣಿಗೆ ಗುರುವಾದವನು ಈತ. ನಿಲ್ಲುವುದು, ಬಾಣ ಹೂಡುವುದು, ಸೆಳೆಯುವುದು, ತಡೆದು ಹಿಡಿಯುವುದು, ಬಿಡುವುದು ಎಂದು ಆತ ಐದು ಅಂಗ ಹೇಳುತ್ತಾನೆ. ಬಿಲ್ಲನ್ನು ಹಿಡಿಯುವ ಕೈಗೆ ಈ ಪಟ್ಟಿಯಲ್ಲಿ ಬೇರೆ ಜಾಗವಿಲ್ಲ. ಆದರೆ ಬಾಣ ಹೂಡುವ ಮಾತಿನೊಳಗೇ ಒಂದು ಎಚ್ಚರಿಕೆ ಸೇರಿಸಿದ್ದಾನೆ: ಬಾಣದ ಹಿಂಬದಿ ಎತ್ತರದಲ್ಲಿದ್ದು ಬಿಲ್ಲಿನ ಕೈ ತಗ್ಗಿನಲ್ಲಿದ್ದರೆ, ಅಥವಾ ತಿರುವುಮುರುವಾದರೆ, ಬಿಲ್ಲೇ ಮುರಿಯುವ ಅಪಾಯ ಉಂಟು. ಕೈ ಜಾಗ ತಪ್ಪಿದರೆ ತೋಳುಗಳ ಹೊರೆ ತಪ್ಪುತ್ತದೆ ಎಂಬುದು ಹಿಡಿ ಕೆತ್ತದ ಕಾಲದಲ್ಲೂ ಗೊತ್ತಿದ್ದ ಸಂಗತಿ.

ಇನ್ನೂ ಹಿಂದಕ್ಕೆ ಹೋದರೆ ಆಕ್ಷೇಪದ ಕಾಲೇ ಕುಸಿಯುತ್ತದೆ. ಡೆನ್ಮಾರ್ಕಿನ ಹೋಲ್ಮೆಗೋರ್ ಜೌಗಿನಲ್ಲಿ 1944ರಲ್ಲಿ ಸಿಕ್ಕ ಎಲ್ಮ್ ಮರದ ಬಿಲ್ಲುಗಳಿಗೆ ಸುಮಾರು ಒಂಬತ್ತು ಸಾವಿರ ವರ್ಷ ವಯಸ್ಸು. ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ಬಿಲ್ಲುಗಳ ಸಾಲಿಗೆ ಸೇರಿದವು. ಅವುಗಳ ತೋಳು ಅಗಲ, ಚಪ್ಪಟೆ; ನಡುವೆ ಮಾತ್ರ ಕಿರಿದಾಗಿ, ದಪ್ಪವಾಗಿ, ಕೈಗೆ ಸಿಗುವಂತೆ ಕೆತ್ತಿದ ಹಿಡಿ. ಯಾಕೆ ಹೀಗೆ ಎಂಬುದು ಕಷ್ಟದ ಪ್ರಶ್ನೆಯಲ್ಲ. ತೋಳು ಚಪ್ಪಟೆಯಾದರೆ ಹೊಟ್ಟೆಯ ಹೊರೆ ಅಗಲಕ್ಕೆ ಹಂಚಿಹೋಗುತ್ತದೆ, ಯೂ ಅಲ್ಲದ ಸಾಮಾನ್ಯ ಮರವೂ ನಜ್ಜಾಗದೆ ಬಾಳುತ್ತದೆ. ಕಳೆದ ಶತಮಾನದ ಮೂವತ್ತರ ದಶಕದಲ್ಲಿ ಕ್ಲಾರೆನ್ಸ್ ಹಿಕ್‌ಮನ್ ಎಂಬ ಅಮೆರಿಕದ ಭೌತವಿಜ್ಞಾನಿ ಮತ್ತು ಆತನ ಜೊತೆಗಾರರು ಲೆಕ್ಕ ಹಾಕಿ, ಪ್ರಯೋಗ ಮಾಡಿ, ಉರುಟು ಹೊಟ್ಟೆಗಿಂತ ಚಪ್ಪಟೆ ತೋಳೇ ಮೇಲೆಂದು ತೋರಿಸಿದರು. ಕಲ್ಲಿನ ಕೊಡಲಿಯವನಿಗೆ ಅದು ಲೆಕ್ಕವಿಲ್ಲದೆ ಗೊತ್ತಿತ್ತು. ಆದರೆ ಎರಡು ಇಂಚು ಅಗಲದ ಹಲಗೆಯನ್ನು ಮುಷ್ಟಿಯಲ್ಲಿ ಹಿಡಿಯಲಾಗದು, ಬಾಣ ಅದರ ಪಕ್ಕದಲ್ಲಿ ಬಳಸಿಕೊಂಡು ಹೋಗಬೇಕಾಗುತ್ತದೆ. ಆದ್ದರಿಂದ ನಡುವನ್ನು ಕಿರಿದು ಮಾಡಲೇಬೇಕು, ಕಿರಿದು ಮಾಡಿದ ಮೇಲೆ ಮುರಿಯದಿರಲು ದಪ್ಪ ಮಾಡಲೇಬೇಕು. ಚಪ್ಪಟೆ ತೋಳೂ ಗಟ್ಟಿ ಹಿಡಿಯೂ ಒಂದೇ ತೀರ್ಮಾನದ ಎರಡು ಮುಖ. ಇಂದಿನ ಮರದ ರಿಕರ್ವ್ ಬಿಲ್ಲು ಈ ವಂಶದ ಕುಡಿ, ಇಂಗ್ಲಿಷ್ ಉದ್ದ ಬಿಲ್ಲಿನದಲ್ಲ.

ಹಿಡಿಯ ಜಾಗವೇ ಬಿಲ್ಲಿನ ಆಕಾರವನ್ನು ನಿರ್ಧರಿಸಿದ್ದಕ್ಕೆ ಅತ್ಯಂತ ನಿಚ್ಚಳ ಉದಾಹರಣೆ ಜಪಾನಿನ ಯೂಮಿ. ಸುಮಾರು 221 ಸೆಂಟಿಮೀಟರ್ ಉದ್ದದ ಈ ಬಿದಿರು–ಮರದ ಬಿಲ್ಲಿಗೂ ತುದಿ ಹಿಂಬಾಗಿರುತ್ತದೆ. ಅದನ್ನು ಹಿಡಿಯುವುದು ನಡುವಿನಲ್ಲಲ್ಲ, ಕೆಳತುದಿಯಿಂದ ಮೂರನೆಯ ಒಂದು ಭಾಗದಷ್ಟು ಎತ್ತರದಲ್ಲಿ. ಕುದುರೆಯ ಮೇಲೆ ಕೂತು ಹೊಡೆಯಲು ಹೀಗೆ ಮಾಡಿದರು ಎಂಬ ವಿವರಣೆ ಬಹಳ ಜನಪ್ರಿಯ. ಆದರೆ ಮೂರನೆಯ ಶತಮಾನದ ಚೀನೀ ಇತಿಹಾಸ ಗ್ರಂಥವೊಂದು ಆ ದ್ವೀಪದವರ ಮರದ ಬಿಲ್ಲು ಕೆಳಗೆ ಗಿಡ್ಡ, ಮೇಲೆ ಉದ್ದ ಎಂದು ಆಗಲೇ ದಾಖಲಿಸಿದೆ; ಕುದುರೆ ಏರಿದ ಜಪಾನಿ ಯೋಧ ಬಂದದ್ದು ಬಹಳ ತಡವಾಗಿ. ಕೈ ಅಲ್ಲಿದ್ದರೆ ಬಿಲ್ಲಿನ ಅದುರು ಕೈಗೆ ಕಡಿಮೆ ತಾಗುತ್ತದೆ ಎಂಬುದು ಇನ್ನೊಂದು ವಿವರಣೆ. ಕಾರಣ ಯಾವುದಾದರೂ ಇರಲಿ, ಕೆಲಸದ ಕ್ರಮ ಗಮನಿಸಿ: ಕೈಯ ಜಾಗ ಮೊದಲು ಗೊತ್ತಾಗಿದೆ, ಕೆಳತೋಳು ಗಿಡ್ಡವಾಗಿ ಗಟ್ಟಿಯಾಗಿ, ಮೇಲ್ತೋಳು ಉದ್ದವಾಗಿ ಅದಕ್ಕೆ ತಕ್ಕಂತೆ ಬೆಳೆದಿದೆ. ಅಲ್ಲಿನ ಬಿಲ್ವಿದ್ಯೆಯಲ್ಲಿ ಎಡಗೈಯ ಹಿಡಿತಕ್ಕೆ ತೆನೊಉಚಿ ಎಂಬ ಹೆಸರೇ ಇದೆ, ವರ್ಷಗಟ್ಟಲೆ ಅದನ್ನು ಕಲಿಸುತ್ತಾರೆ. ಹಿಡಿತ ಸರಿಯಿದ್ದರೆ ಬಾಣ ಬಿಟ್ಟ ಕೂಡಲೇ ಬಿಲ್ಲು ಮುಷ್ಟಿಯೊಳಗೇ ಸುತ್ತು ತಿರುಗಿ ಹೆದೆ ಮುಂಗೈಯ ಹೊರಮಗ್ಗುಲಿಗೆ ಬಂದು ನಿಲ್ಲುತ್ತದೆ. ಬಿಗಿಯಾಗಿ ಅಮುಕಿದವನ ಕೈಯಲ್ಲಿ ಅದು ತಿರುಗುವುದಿಲ್ಲ.

ಪೆಸಿಫಿಕ್ ಸಾಗರದ ಆಚೆ ದಡದಲ್ಲಿ ಇದೇ ತಿರುಗುವಿಕೆ ಮತ್ತೆ ಕಾಣಿಸಿಕೊಳ್ಳುತ್ತದೆ. 1911ರಲ್ಲಿ ಕ್ಯಾಲಿಫೋರ್ನಿಯದ ಓರೊವಿಲ್ ಊರಿನಲ್ಲಿ ಯಾಹಿ ಜನಾಂಗದ ಕೊನೆಯವನೆಂದು ಹೇಳಲಾದ ಒಬ್ಬ ಮನುಷ್ಯ ಸಿಕ್ಕಿದ. ಇಶಿ ಎಂದು ಅವನನ್ನು ಕರೆದರು. ಸ್ಯಾನ್ ಫ್ರಾನ್ಸಿಸ್ಕೊದ ವಿಶ್ವವಿದ್ಯಾಲಯದ ಮ್ಯೂಸಿಯಮ್ಮಿನಲ್ಲಿ ಬದುಕಿದ, 1916ರಲ್ಲಿ ಕ್ಷಯದಿಂದ ಸತ್ತ. ಅಲ್ಲಿನ ವೈದ್ಯ ಸ್ಯಾಕ್ಸ್‌ಟನ್ ಪೋಪ್ ಅವನಿಂದ ಬಿಲ್ಲು ಮಾಡುವುದನ್ನು ಕಲಿತು 1918ರಲ್ಲಿ ಅದನ್ನು ಬರೆದಿಟ್ಟ. ಇಶಿಯ ಬಿಲ್ಲು ಗುಡ್ಡಗಾಡಿನ ಜುನಿಪರ್ ಮರದ್ದು; ಬೆನ್ನಿಗೆ ಪ್ರಾಣಿಯ ನರದ ಎಳೆಗಳನ್ನು ಅಂಟಿಸಿದ್ದು; ತುದಿಗಳನ್ನು ಕಾದ ಕಲ್ಲಿನ ಮೇಲೆ ಬಗ್ಗಿಸಿ ಹಿಂದಕ್ಕೆ ತಿರುಗಿಸಿದ್ದು. ಅಪ್ಪಟ ರಿಕರ್ವ್. ಹೊಡೆಯುವಾಗ ಇಶಿ ಬಿಲ್ಲನ್ನು ಹಗುರವಾಗಿ ಹಿಡಿಯುತ್ತಿದ್ದ. ಬಾಣ ಹೋದ ಮೇಲೆ ಬಿಲ್ಲು ಕೈಯಲ್ಲಿ ತಿರುಗಿ ಬೆನ್ನು ತನ್ನ ಕಡೆಗೆ ಬರಬೇಕು, ಹಿಡಿತ ಹಗುರವಾಗಿದ್ದರೆ ಮಾತ್ರ ಅದು ಸಾಧ್ಯ ಎಂದು ಪೋಪ್ ವಿವರಿಸುತ್ತಾನೆ. ಜಪಾನಿನವರಿಗೂ ಇಶಿಗೂ ಗುರು ಒಬ್ಬನಲ್ಲ. ಇಬ್ಬರ ಬಿಲ್ಲಿನ ತುದಿಯೂ ಹಿಂಬಾಗಿತ್ತು, ಆ ತುದಿ ಕೈಯಿಂದ ತಿರುಚನ್ನು ಸಹಿಸುವುದಿಲ್ಲ, ಆದ್ದರಿಂದ ಇಬ್ಬರ ಕೈಯೂ ಒಂದೇ ಪಾಠ ಕಲಿತಿತು ಎನ್ನುವುದು ನನ್ನ ಊಹೆ.

ನಮ್ಮವರು ಏನು ಹೇಳಿದ್ದಾರೆ? ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬಿಲ್ಲಿನ ನಾಲ್ಕು ದ್ರವ್ಯಗಳ ಪಟ್ಟಿ ಇದೆ: ತಾಳೆ, ಬಿದಿರು, ಮರ, ಕೊಂಬು. ಹೆದೆಗೆ ಮೂರ್ವಾ, ಎಕ್ಕ, ಸೆಣಬು ಮುಂತಾದ ಆರು ಬಗೆಯ ನಾರು. ಆ ಪಟ್ಟಿಯಲ್ಲಿ ಹಿಡಿಯ ಸುದ್ದಿ ಇಲ್ಲ. ಇದು ಆಯುಧಾಗಾರದ ಅಧಿಕಾರಿಗೆ ಬರೆದ ಪಟ್ಟಿ. ಉಗ್ರಾಣದವನು ಎಣಿಸುವುದು ಸಾಮಾನನ್ನು. ಬಿಲ್ಲು ಬಳಸುವವನಿಗೆ ಬರೆದ ಧನುರ್ವೇದದ ಪಠ್ಯಗಳಿಗೆ ಬಂದರೆ ಮಾತು ಬದಲಾಗುತ್ತದೆ. ಹದಿನಾಲ್ಕನೆಯ ಶತಮಾನದ ಶಾರ್ಙ್ಗಧರ ಪದ್ಧತಿಯಲ್ಲಿ ಸೇರಿರುವ ಭಾಗದಲ್ಲಿ ಹೆದೆ ಸೆಳೆಯುವ ಮುಷ್ಟಿಗೆ ಪತಾಕ, ವಜ್ರಮುಷ್ಟಿ, ಸಿಂಹಕರ್ಣ, ಮತ್ಸರಿ, ಕಾಕತುಂಡಿ ಎಂದು ಐದು ಹೆಸರು. ಬಿಲ್ಲಿನ ಮುಷ್ಟಿಯ ಸಂಧಾನ ಮೂರು ಬಗೆ: ಕೆಳಗಿನದು, ಮೇಲಿನದು, ಸಮವಾದದ್ದು. ದೂರಕ್ಕೆ ಹೊಡೆಯಲು ಕೆಳಗಿನದು, ಕದಲದ ಗುರಿಗೆ ಸಮವಾದದ್ದು, ಗಟ್ಟಿ ವಸ್ತುವನ್ನು ಸೀಳಲು ಮೇಲಿನದು ಎಂದು ಬಳಕೆಯನ್ನೂ ಹಂಚಿಕೊಟ್ಟಿದ್ದಾರೆ. ಇಂದಿನ ಬಿಲ್ಲುಗಾರರ ತಗ್ಗು, ನಡು, ಎತ್ತರದ ಹಿಡಿಗಳಿಗೂ ಈ ಮೂರಕ್ಕೂ ನೇರ ಗಂಟು ಹಾಕುವ ಧೈರ್ಯ ನಾನು ಮಾಡುವುದಿಲ್ಲ. ಆದರೆ ಎಡಗೈ ಒಂದೇ ಬಗೆಯಲ್ಲಿ ಇರುವುದಿಲ್ಲ, ಕೆಲಸಕ್ಕೆ ತಕ್ಕಂತೆ ಅದನ್ನು ಆರಿಸಬೇಕು ಎಂಬ ತಿಳಿವಳಿಕೆ ಅಲ್ಲಿ ಸ್ಪಷ್ಟವಾಗಿದೆ. ನಮ್ಮ ಕಥೆಗಳಲ್ಲಿ ಮಾತ್ರ ಬಲಗೈಗೇ ಎಲ್ಲ ಗೌರವ. ಏಕಲವ್ಯನ ಬಲಗೈ ಹೆಬ್ಬೆರಳಿಗೆ ಅಷ್ಟು ಕಣ್ಣೀರು ಹರಿದಿದೆ, ಬಿಲ್ಲು ಹಿಡಿದ ಎಡಗೈಯನ್ನು ಯಾರೂ ವಿಚಾರಿಸಲಿಲ್ಲ. ಸವ್ಯಸಾಚಿ ಅರ್ಜುನನ ಪಾಡು ಇನ್ನೊಂದು. ಎರಡೂ ಕೈಯಿಂದ ಹೊಡೆಯುವವನಿಗೆ ಇಂದಿನ ಅಂಗಡಿಯ ರಿಕರ್ವ್ ಕೊಟ್ಟರೆ ಅರ್ಧ ಯುದ್ಧವೇ ನಿಂತೀತು. ಬಾಣ ಕೂರುವ ಕಟ್ಟೆಯನ್ನು ಒಂದೇ ಪಕ್ಕದಲ್ಲಿ ಕೊರೆದು, ಹೆಬ್ಬೆರಳಿನ ಉಬ್ಬನ್ನು ಒಂದೇ ಕೈಗೆ ಅಚ್ಚು ಹೊಡೆದಿರುತ್ತಾರೆ. ಗಾಂಡೀವದ ಹಿಡಿ ಎರಡು ಮಗ್ಗುಲೂ ಸಮವಾಗಿದ್ದಿರಬೇಕು.

ಇನ್ನು ಆಯ್ಕೆಯ ಪ್ರಶ್ನೆ. ಎತ್ತರದ ಹಿಡಿಯಲ್ಲಿ ಕೊರಳಿನ ಕೆಳಗಿನ ಭಾಗ ತುಂಬಿಕೊಂಡಿರುತ್ತದೆ. ಮಣಿಕಟ್ಟು ಮೇಲೆದ್ದು ನೇರವಾಗುತ್ತದೆ, ಕವಲು ಮಾತ್ರ ಬಿಲ್ಲಿಗೆ ತಾಗುತ್ತದೆ. ತಾಗುವ ಜಾಗ ಕಡಿಮೆಯಾದಷ್ಟೂ ತಿರುಚುವ ಅವಕಾಶ ಕಡಿಮೆ. ಕಾಗದದ ಮೇಲೆ ಇದೇ ಶ್ರೇಷ್ಠ. ಆದರೆ ಮಣಿಕಟ್ಟನ್ನು ಅಲ್ಲಿ ಎತ್ತಿ ನಿಲ್ಲಿಸುವುದು ಸ್ನಾಯು, ಮೂಳೆಯಲ್ಲ. ಸ್ನಾಯುವಿಗೆ ದಣಿವಿದೆ. ಹೊತ್ತು ಕಳೆದಂತೆ ಮಣಿಕಟ್ಟು ಗೊತ್ತಿಲ್ಲದೆ ಕುಸಿಯುತ್ತದೆ, ಅಂಗೈಯ ಬುಡ ಹಿಡಿಗೆ ಒರಗುತ್ತದೆ, ಒತ್ತುವ ಬಿಂದು ಕೆಳಗಿಳಿಯುತ್ತದೆ. ಎತ್ತರದ ಕೈಗೆ ಹದ ಮಾಡಿದ ಕೆಳತೋಳು ಆಗ ತನ್ನದಲ್ಲದ ಹೊರೆ ಹೊರುತ್ತದೆ. ತಗ್ಗು ಹಿಡಿಯಲ್ಲಿ ಅಂಗೈಯ ಬುಡ ಮೊದಲಿಂದಲೇ ಊರಿರುತ್ತದೆ, ಬಲ ನೇರವಾಗಿ ಮುಂಗೈಯ ಮೂಳೆಗೆ ಹೋಗುತ್ತದೆ, ಮಣಿಕಟ್ಟಿಗೆ ಕೆಲಸವಿಲ್ಲ. ದೋಷವೇನೆಂದರೆ ತಾಗುವ ಜಾಗ ದೊಡ್ಡದು, ಹೆಬ್ಬೆರಳಿನ ಬುಡದ ಮಾಂಸ ಪಕ್ಕಕ್ಕೆ ಒತ್ತೀತು. ಇದಕ್ಕೆ ಕೆತ್ತನೆಯಲ್ಲೇ ಮದ್ದಿದೆ. ಕೊರಳನ್ನು ಕಿರಿದಾಗಿ ಇಟ್ಟು, ಹಿಡಿಯ ಹಿಂಭಾಗವನ್ನು ಸ್ವಲ್ಪ ಉರುಟು ಮಾಡಿ, ಗೆಣ್ಣುಗಳು ನಲವತ್ತೈದು ಡಿಗ್ರಿ ಓರೆಯಾಗಿ ನಿಲ್ಲುವಂತೆ ಬಿಟ್ಟರೆ ಒತ್ತಡ ಹೆಬ್ಬೆರಳಿನ ಬುಡದಲ್ಲೇ ಉಳಿಯುತ್ತದೆ, ಅಂಗೈಯ ಆಚೆ ದಡಕ್ಕೆ ದಾಟುವುದಿಲ್ಲ. ಮರಕ್ಕೆ ಕೈ ಎಲ್ಲಿ ಒತ್ತುತ್ತದೆ ಎಂಬ ಹಟವಿಲ್ಲ. ನಿನ್ನೆ ಒತ್ತಿದ ಕಡೆ ಇವತ್ತೂ ಒತ್ತಲಿ ಎಂಬುದಷ್ಟೇ ಅದರ ಬೇಡಿಕೆ. ಆದ್ದರಿಂದ ಕೈಯಾರೆ ಮಾಡಿದ ನಲವತ್ತು, ನಲವತ್ತೈದು ಪೌಂಡಿನ ಮರದ ರಿಕರ್ವ್‌ಗೆ ಕಿರಿದು ಕೊರಳಿನ ತಗ್ಗು ಹಿಡಿಯೇ ಲೇಸೆಂದು ನನ್ನ ಮತ. ಒಂದು ಬಗೆಯ ಹಿಡಿಯನ್ನಂತೂ ನಾನು ಯಾರಿಗೂ ಹೇಳಲಾರೆ: ಬೆರಳುಗಳಿಗೆ ಒಂದೊಂದು ತಗ್ಗು ತೋಡಿ, ಮೇಣ ತಿಕ್ಕಿ ಮಿಂಚಿಸಿದ್ದು. ನೋಡಲು ಚೆಂದ. ಅದು ಬೆರಳನ್ನು ಕರೆದು ಕೂರಿಸಿ ಅಮುಕಲು ಕಲಿಸುತ್ತದೆ, ಅಮುಕಿದ ಮುಷ್ಟಿ ತಿರುಚದೆ ಇರುವುದಿಲ್ಲ.

ಒಳ್ಳೆಯ ಬಿಲ್ಲಾಳು ಯಾವ ಹಿಡಿಗಾದರೂ ಹೊಂದಿಕೊಳ್ಳುತ್ತಾನೆ, ಇಷ್ಟು ತಲೆ ಕೆಡಿಸಿಕೊಳ್ಳುವುದೇಕೆ ಎಂದು ಕೇಳುವವರಿದ್ದಾರೆ. ಕೈ ಹೊಂದಿಕೊಳ್ಳುತ್ತದೆ, ಒಪ್ಪಿದೆ. ಮರ ಹೊಂದಿಕೊಳ್ಳುವ ಬಗೆ ಬೇರೆ. ಅದು ಗೂನಾಗಿ ಹೊಂದಿಕೊಳ್ಳುತ್ತದೆ. ಒಲಿಂಪಿಕ್ಸ್‌ಗೆ 1972ರಲ್ಲಿ ಬಿಲ್ಲುಗಾರಿಕೆ ಮರಳಿದಂದಿನಿಂದ ಅಲ್ಲಿ ನಡೆದಿರುವುದು ರಿಕರ್ವ್ ಸ್ಪರ್ಧೆ. ಜಗತ್ತಿನ ಅತ್ಯಂತ ಪಳಗಿದ ಕೈಗಳು ಅಲ್ಲಿಗೆ ಬರುತ್ತವೆ, ಇಂದು ಅವರ ಲೋಹದ ಬಿಲ್ಲಿನಲ್ಲಿ ಹಿಡಿಯನ್ನು ಬೇರೆಯಾಗಿ ಕಳಚಿ ಬದಲಿಸಬಹುದು, ಉಪ್ಪುಕಾಗದ ಹಾಕಿ ಉಜ್ಜಿ, ಮೆತ್ತಿ ತಮ್ಮ ಅಂಗೈಗೆ ತಿದ್ದಿಕೊಳ್ಳಬಹುದು. ಯಾವ ಹಿಡಿಗಾದರೂ ಹೊಂದಿಕೊಳ್ಳಬಲ್ಲವರೇ ಹಿಡಿಯ ಬಗ್ಗೆ ಅತಿ ಹಟಮಾರಿಗಳು. ಒಂದೇ ಕೊರಡಿನ ಮರದ ಬಿಲ್ಲಿಗೆ ಆ ಸೌಕರ್ಯ ಇಲ್ಲ. ಇಪ್ಪತ್ತೈದು ಪೌಂಡಿನ ಹಗುರ ಬಿಲ್ಲು, ಭಾನುವಾರದ ಮನರಂಜನೆ, ತೋಳು ನೇರ. ಅಲ್ಲಿ ನನ್ನ ವಾದ ಅರ್ಧ ಬಲ ಕಳೆದುಕೊಳ್ಳುತ್ತದೆ, ಅದನ್ನು ಒಪ್ಪದಿರುವುದು ಮೊಂಡುತನ. ತುದಿ ಹಿಂಬಾಗಿದ್ದರೆ ಮಾತ್ರ ಆ ಹಗುರ ಬಿಲ್ಲಿಗೂ ವಿನಾಯಿತಿ ಕೊಡಲಾರೆ.

ಬಡಗಿಯ ಆಕ್ಷೇಪ ಹೆಚ್ಚು ಜಾಣತನದ್ದು. ಮರ ತೆಗೆಯಬಹುದು, ಸೇರಿಸಲಾಗದು. ಹಾಗಾಗಿ ಹಿಡಿಯ ಕಡೆ ದಂಡಿಯಾಗಿ ಮರ ಬಿಟ್ಟುಕೊಂಡು ಕೊನೆಗೆ ಕೆತ್ತುವುದೇ ಕ್ಷೇಮ ಎನ್ನುತ್ತಾನೆ ಅವನು. ಕೆತ್ತುವುದನ್ನು ಕೊನೆಗಿಡಲಿ, ನನ್ನ ತಕರಾರಿಲ್ಲ. ನಾನು ಕೇಳುವುದು ತೀರ್ಮಾನವನ್ನು. ಒತ್ತುವ ಬಿಂದುವಿಗೆ ಪೆನ್ಸಿಲ್ಲಿನ ಗುರುತು ಹಾಕಿಕೊಂಡು, ಹದ ಹಲಗೆಯ ನೆತ್ತಿಯ ಮೇಲೆ ಚಪ್ಪಟೆ ಕೊರಡಿನ ಬದಲು ಅಂಗೈಯ ಆಕಾರಕ್ಕೆ ಉರುಟು ಮಾಡಿದ ಚಿಕ್ಕ ತುಂಡೊಂದನ್ನು ಕೂರಿಸಿ, ಗುರುತು ಅದರ ಮೇಲೆ ಬರುವಂತೆ ಬಿಲ್ಲನ್ನು ಇಟ್ಟು, ಹಗ್ಗದ ಕೊಕ್ಕೆಯನ್ನು ಬೆರಳು ಸೆಳೆಯುವ ಜಾಗಕ್ಕೇ ಸಿಕ್ಕಿಸಿ ಜಗ್ಗಿದರೆ ಸಾಕು. ಕೈಯೇ ಎತ್ತಿಹಿಡಿದ ಹಾಗೆ ಬಿಲ್ಲು ವಾಲುತ್ತದೆ, ತೋಳುಗಳ ನಿಜವಾದ ಹೊರೆ ಕಣ್ಣಿಗೆ ಬೀಳುತ್ತದೆ. ಇನ್ನು ಮರ ಸೇರಿಸಲಾಗದು ಎಂಬ ನಿಯಮ ತೋಳುಗಳಿಗೆ ಸರಿ. ಇಡೀ ಬಿಲ್ಲಿನಲ್ಲಿ ಆ ನಿಯಮ ಸಡಿಲವಾಗುವ ಒಂದೇ ಒಂದು ಜಾಗ ಹಿಡಿ, ಯಾಕೆಂದರೆ ಗಟ್ಟಿ ಹಿಡಿ ಬಾಗುವುದಿಲ್ಲ. ಬಾಗದ ಕಡೆ ತೊಗಲು ಅಂಟಿಸಬಹುದು, ಮರದ ಚೂರು ಕೂರಿಸಬಹುದು. ತಗ್ಗು ಹಿಡಿ ಕೈಗೆ ಒಗ್ಗಲಿಲ್ಲವೆಂದರೆ ಬುಡದಲ್ಲಿ ಎರಡು ಮೂರು ಪದರ ತೊಗಲು ಏರಿಸಿ ಅದನ್ನು ನಡುಮಟ್ಟಕ್ಕೆ ತರಬಹುದು. ಹಾಗೆ ಏರಿಸಿದವರು ಬಿಲ್ಲನ್ನು ಇನ್ನೊಮ್ಮೆ ಹದ ಹಲಗೆಗೆ ಏರಿಸಬೇಕಾಗುತ್ತದೆ. ಒತ್ತುವ ಬಿಂದು ಮೇಲೆ ಬಂದಿದ್ದರಿಂದ ಮೊದಲು ಗಟ್ಟಿಯಾಗಿ ಬಿಟ್ಟ ಕೆಳತೋಳು ಈಗ ಅಗತ್ಯಕ್ಕಿಂತ ಬಿರುಸು. ಅದರ ಹೊಟ್ಟೆಯಿಂದ ತೆಳ್ಳಗೆ ಒಂದಿಷ್ಟು ಕೀಸಬೇಕು, ಬಿಲ್ಲಿನ ಬಲದಲ್ಲಿ ಒಂದೆರಡು ಪೌಂಡ್ ಆ ಹೊಟ್ಟಿನ ಜೊತೆಗೆ ಉದುರುತ್ತದೆ.